ಹುಳುವಿನ ಪಟಕ್ಕೆ ಕೆಮರ ತಪ್ಪಲೆ ಅಣ್ಣನ ಕಳ್ಸೆಡ

ಕಳುದ ವಾರ ಎನ್ನ ಸೋದರಮಾವನ ಮನೆಲಿ ಪೂಜೆ ಇತ್ತು. ಗೆಂಡುಮಕ್ಕಳ ಹಂತಿ ಮುಗುದು ಎಂಗೊ ಹೆಮ್ಮಕ್ಕೊ ಉಂಬಲೆ ಕೂದ್ದಷ್ಟೆ. ಹತ್ತರೆ ಕೂದ ತಂಗೆ ಮೆಲ್ಲಂಗೆ ಕೇಳಿತ್ತು, "ಅಕ್ಕಾ, ನೀನು ಹುಳುಗಳ ಪಟ ತೆಗೆತ್ತೆ ಅಲ್ದೋ? ಎನಗೂ ಒಂದು ಕೆಮರ ಬೇಕು. ಮಲ್ಲಿಗೆ ಮಾರಿ ಒಟ್ಟು ಮಾಡಿದ ಇಪ್ಪತ್ತು ಸಾವಿರ ಇದ್ದು. ಬಪ್ಪ ಸೋಮವಾರ ಅಣ್ಣ ಮಂಗ್ಳೂರಿಂಗೆ ಹೋವ್ತ, ಅವನತ್ರೆ ತಪ್ಪಲೆ ಹೇಳಿದ್ದೆ. ಯಾವುದಕ್ಕು?"

ಎನ್ನ ಬಾಯಿಲಿ ಹೋಳಿಗೆ ಇತ್ತು. ನುಂಗಿ ಹೇಳಿದೆ, "ಅಣ್ಣನ ಕಳ್ಸೆಡ."

ಅಷ್ಟಪ್ಪಗ ಪಾಯಸ ಬಂತು, ಮತ್ತೆ ಮಜ್ಜಿಗೆ ಬಂತು, ಮಾತು ಅಲ್ಲಿಗೇ ನಿಂದತ್ತು. ಕೈ ತೊಳದು ಬಪ್ಪಗ ಅದು ಮಕ್ಕಳ ಹೆರಡುಸಿ ಆಗಿತ್ತು. ಅದರ ಮೋರೆ ಸಣ್ಣ ಆದ್ದು ಮಾಂತ್ರ ಎನಗೆ ಕಂಡತ್ತು. ಆನು ಬೇಡ ಹೇಳಿದ್ದು ಕೆಮರವ ಅಲ್ಲ, ಅಣ್ಣನ. ಅಣ್ಣ ಒಳ್ಳೆಯವನೇ, ಅವನ ಮೇಗೆ ಎನಗೆ ಎಂತ ಕೋಪವೂ ಇಲ್ಲೆ. ಆದರೆ ಈ ಒಂದು ಸಾಮಾನಿನ ನಾವೇ ಹೋಗಿ, ನಾವೇ ಹಿಡುದು ನೋಡಿ ತೆಕ್ಕೊಳೆಕ್ಕು ಹೇಳಿ ಎನ್ನ ಅಭಿಪ್ರಾಯ. ಎಂತಕೆ ಹೇಳುದರ ಬಿಡುಸಿ ಬರೆತ್ತೆ. ನೆರೆಕರೆಲಿ ಇನ್ನುದೇ ಎರಡು ಮೂರು ಜೆನ ಇದರನ್ನೇ ಕೇಳಿದ್ದವು, ಅವಕ್ಕೂ ಆತು.

ಐದು ವರ್ಷ ಮದಲು ಆನುದೇ ಹೀಂಗೇ ಮಾಡಿದ್ದು. ಹಪ್ಪಳ, ಸೆಂಡಗೆ ಮಾರಿದ 18,000 ರೂಪಾಯಿ ಎನ್ನ ಸೀರೆ ಕಪಾಟಿಲಿ ಇತ್ತು. ಭಾವನ ಮಗ ಪೇಟೆಂದ ಒಂದು ಕೆಮರ ತಂದುಕೊಟ್ಟ. ಅಂಗಡಿಯವು ಯಾವುದರ ಒಳ್ಳೆದು ಹೇಳಿದವೋ ಅದರ ತಂದ, ಪಾಪ. ಪೆಟ್ಟಿಗೆಯ ಮೇಗೆ ದೊಡ್ಡಕೆ ಬರಕ್ಕೊಂಡಿತ್ತು: 20 ಮೆಗಾಪಿಕ್ಸೆಲ್, 40 ಎಕ್ಸ್ ಝೂಮ್. ಕರೆಲಿ ಸಣ್ಣಕೆ: ಮಾಕ್ರೋ 1 ಸೆಂಟಿಮೀಟರ್. ಆ ಇರುಳು ಎಲ್ಲೋರುದೇ ಜಾಲಿಲಿ ನಿಂದು ಚಂದ್ರನ ಪಟ ತೆಗದವು. ಚಂದ್ರನ ಗುಂಡಿಗೊ ಎಲ್ಲ ಕಂಡತ್ತು. "ಕೊಟ್ಟ ಪೈಸೆಗೆ ಮೋಸ ಇಲ್ಲೆ" ಹೇಳಿದವು ಇವು.

ಮರದಿನ ಉದಿಯಪ್ಪಗ ಆನು ಮುಜಂಟಿ ಜೇನಿನ ಹತ್ತರೆ ಹೋದೆ. ಎಂಗಳ ಹಳೇ ಹಟ್ಟಿಯ ಗೋಡೆಯ ಸಂದಿಲಿ ಅದರ ಗೂಡು ಇದ್ದು. ಮೇಣದ ಸಣ್ಣ ಕೊಳವೆಯ ಹಾಂಗಿಪ್ಪ ಬಾಗಿಲು, ಅದರ ಬಾಯಿಲಿ ಯಾವಗಳೂ ನಾಲ್ಕೈದು ಜೇನು ಕಾವಲು ಕೂದುಗೊಂಡಿರ್ತು. ಒಂದು ಮುಜಂಟಿ ಹೇಳಿರೆ ಸುಮಾರು ನಾಲ್ಕು ಮಿಲಿಮೀಟರ್, ಒಂದು ಅಕ್ಕಿಕಾಳಿಂದಲೂ ಸಣ್ಣ. ಝೂಮ್ ಮಾಡಿ ನೋಡಿದೆ, ಹತ್ತರೆ ಇಪ್ಪದರ ಕೆಮರ ಹಿಡಿತ್ತೇ ಇಲ್ಲೆ. ಒಂದು ಮಾರು ಹಿಂದೆ ಬಂದರೆ ಹಿಡಿತ್ತು, ಅಷ್ಟಪ್ಪಗ ಜೇನು ಬರೀ ಒಂದು ಕಪ್ಪು ಬೊಟ್ಟು. ಝೂಮ್ ಪೂರ ತೆಗದು ಮಾಕ್ರೋ ಮಡಗಿದೆ. ಅಪ್ಪು, ಪೆಟ್ಟಿಗೆಲಿ ಸುಳ್ಳು ಬರದ್ದವಿಲ್ಲೆ, ಒಂದು ಸೆಂಟಿಮೀಟರಿಂಗೆ ಹಿಡಿತ್ತು. ಆದರೆ ಒಂದು ಸೆಂಟಿಮೀಟರ್ ಹೇಳಿರೆ ಕೆಮರದ ಮೂತಿ ಜೇನಿನ ಬಾಗಿಲಿಂಗೆ ಹೋಗಿ ಮುಟ್ಟಿತ್ತು! ಕೆಮರದ ನೆರಳೇ ಬಿದ್ದು ಅಲ್ಲಿ ಕಸ್ತಲೆ. ಜೇನುಗೊ ಹೆರ ಬಂದು ಎನ್ನ ತಲೆಕಸವಿನೊಳ ಹೊಕ್ಕವು. ಪುಣ್ಯಕ್ಕೆ ಮುಜಂಟಿಗೆ ಕೊಂಡಿ ಇಲ್ಲೆ.

ಮೂರು ತಿಂಗಳು ಹೆಣಗಿದೆ. ಮತ್ತೆ ಅದು ಕಪಾಟಿನ ಮೇಗೆ ಹತ್ತಿತ್ತು. ಅಲ್ಲಿಂದ ಎಂಗಳ ಮನೆಲಿ ಆನು ಎಂತ ಕೇಳಿರೂ ಒಂದೇ ಮಾತು, "ಅದುದೇ ಕೆಮರದ ಹಾಂಗಕ್ಕು." ಹೊಸ ಮಿಕ್ಸಿ ಕೇಳಿರೂ ಅದೇ, ತಾರಸಿಲಿ ಹೂಗಿನ ಚಟ್ಟಿ ಮಡುಗುತ್ತೆ ಹೇಳಿರೂ ಅದೇ. ನೆಗೆ ಮಾಡಿಂಡೇ ಹೇಳುದು, ಜೋರು ಮಾಡಿ ಅಲ್ಲ. ಆದರೂ 18,000 ಹೋದ ಬೇನೆಂದ ಆ ನೆಗೆಯ ಬೇನೆ ಎನಗೆ ಜಾಸ್ತಿ ಆತು. ತಂಗೆಯ ಮಲ್ಲಿಗೆ ಪೈಸೆಗೆ ಹಾಂಗೆ ಅಪ್ಪಲಾಗ. ಒಂದೊಂದು ಚೆಂಡು ಕಟ್ಟಲೆ ಅದು ಉದಿಯಪ್ಪಗ ಎಷ್ಟು ಗಂಟಗೆ ಏಳ್ತು ಹೇಳಿ ಎನಗೆ ಗೊಂತಿದ್ದು.

ಈಗ ಆಲೋಚನೆ ಮಾಡಿರೆ ಗೊಂತಾವ್ತು, ಆ ಕೆಮರ ಹಾಳಲ್ಲ. ತಂದವಂಗೆ ಬೇಕಾದ್ದು ದೂರದ್ದು: ಜಾತ್ರೆಯ ತೇರು, ಕ್ರಿಕೆಟು, ಟೂರು ಹೋದಲ್ಲಿಯ ಗುಡ್ಡೆ. ಎನಗೆ ಬೇಕಾದ್ದು ಬೇವಿನಸೊಪ್ಪಿನ ಗೆಡುವಿಲಿ ಇಪ್ಪದು. ಅವ ಅವನ ಕಣ್ಣಿಂಗೆ ಬೇಕಾದ್ದರ ತಂದ. ಬೇರೆಯವರ ಕೈಲಿ ತರ್ಸಿರೆ ಅಷ್ಟೇ ಅಪ್ಪದು.

ಅಂಬಗ ಅಂಗಡಿಲಿ ಎಂತ ಕೇಳೆಕ್ಕು? ಮೆಗಾಪಿಕ್ಸೆಲ್ ಎಷ್ಟು ಹೇಳಿ ಕೇಳೆಡಿ. 12 ಇದ್ದರೆ ಧಾರಾಳ, ಗೋಡೆಗೆ ಹಾಕುವಷ್ಟು ದೊಡ್ಡ ಪಟ ಪ್ರಿಂಟು ಮಾಡ್ಲೂ ಸಾಕಾವ್ತು. ಝೂಮ್ ಎಷ್ಟು ಎಕ್ಸ್ ಹೇಳಿಯೂ ಮದಾಲು ಕೇಳೆಡಿ. ಹುಳುವಿಂಗೆ ಬೇಕಾದ್ದು ಎರಡೇ ಲೆಕ್ಕ. ಪಟದ ಈ ಕರೆಂದ ಆ ಕರೆವರೆಗೆ ಎಷ್ಟು ಸಣ್ಣ ಜಾಗೆ ತುಂಬುತ್ತು ಹೇಳುದು ಒಂದು. ಹಾಂಗೆ ತುಂಬುವಗ ಲೆನ್ಸಿಂಗೂ ಹುಳುವಿಂಗೂ ಮಧ್ಯೆ ಎಷ್ಟು ಎಡೆ ಒಳಿತ್ತು ಹೇಳುದು ಇನ್ನೊಂದು. ಈ ಎರಡರ ಯಾವ ಪೆಟ್ಟಿಗೆಯ ಮೇಗೂ ನೇರ್ಪಕ್ಕೆ ಬರೆತ್ತವಿಲ್ಲೆ. ನಾವೇ ಅಳದು ನೋಡೆಕ್ಕು.

ಅಳವದು ಸುಲಾಬ. ಮಕ್ಕಳ ಕಂಪಾಸು ಪೆಟ್ಟಿಗೆಂದ ಒಂದು ಸ್ಕೇಲು ತೆಕ್ಕೊಂಡು ಹೋಗಿ. ಅಂಗಡಿಯ ಮೇಜಿನ ಮೇಗೆ ಮಡಗಿ, ಕೆಮರಲ್ಲಿ ಎಷ್ಟು ಹತ್ತರೆ ಹೋಪಲೆ ಎಡಿಗೋ ಅಷ್ಟು ಹತ್ತರೆ ಹೋಗಿ ಸ್ಕೇಲಿನ ಪಟ ತೆಗೆರಿ. ಪಟಲ್ಲಿ ಎಷ್ಟು ಮಿಲಿಮೀಟರಿನ ಗೆರೆ ಕಾಣ್ತು ಹೇಳಿ ಲೆಕ್ಕ ಮಾಡಿ. ಪಾತರಗಿತ್ತಿಗೆ 70 ಮಿಲಿಮೀಟರ್ ಕಂಡರೂ ಸಾಕು. ಜೇನು, ಮಿಡತೆ, ಏರೋಪ್ಲೇನ್ ಚಿಟ್ಟೆಯ ಮೋರೆ ಹೇಳಿ ಆದರೆ 20 ಆಯೆಕ್ಕು. ಎರುಗು, ಮುಜಂಟಿ ಬೇಕಾರೆ 10 ಅಥವಾ ಅದರಿಂದಲೂ ಕಡಮ್ಮೆ. ಎನ್ನ ಹಳೇ ಕೆಮರವ ಮತ್ತೆ ಒಂದರಿ ಅಳದು ನೋಡಿದೆ: ಮೂತಿ ತಾಗುವಷ್ಟು ಹತ್ತರೆ ಹೋದರೂ 35. ಮುಜಂಟಿಯ ಪಟ ಅದರಲ್ಲಿ ಬಪ್ಪದಾದರೂ ಹೇಂಗೆ? ಈ ಅಳತೆ ಮದಲೇ ಗೊಂತಿದ್ದರೆ 18,000 ಒಳಿತ್ತಿತ್ತು.

ಓದಿದವು ಇದಕ್ಕೆ 1:1, 1:2 ಹೇಳಿ ಲೆಕ್ಕ ಹೇಳ್ತವು. ಅದು ಕೆಮರದೊಳ ಇಪ್ಪ ಸೆನ್ಸರಿನ ಅಳತೆಗೆ ಹೊಂದಿಗೊಂಡು ಇಪ್ಪದು. ಮಾಮೂಲಿ ಡಿಎಸ್‌ಎಲ್‌ಆರಿಲಿ 1:1 ಹೇಳಿರೆ ಸ್ಕೇಲಿನ ಸುಮಾರು 23 ಮಿಲಿಮೀಟರ್ ಕಾಂಗು. ಸಣ್ಣ ಸೆನ್ಸರಿನ ಕೆಮರಲ್ಲಿ 1:1 ಇಲ್ಲದ್ದರೂ ಅದರಿಂದ ಸಣ್ಣ ಜಾಗೆ ತುಂಬುಗು. ಹಾಂಗಾಗಿ ಆ ಲೆಕ್ಕದ ಗೊಡವೆಗೆ ಹೋಗದ್ದೆ ಸ್ಕೇಲನ್ನೇ ನಂಬುದು ಒಳ್ಳೆದು.

ಇನ್ನು ಯಾವುದರ ತೆಕ್ಕೊಂಬದು ಹೇಳಿ.

ಇದುವರೆಗೆ ಗೆಡುವಿನ ಬುಡಲ್ಲಿ ಅರ್ಧ ಗಂಟೆ ಕೂದು ಅಭ್ಯಾಸ ಇಲ್ಲದ್ದವು ಎಂತದನ್ನೂ ತೆಗೆಯೆಡಿ. ಕೈಲಿಪ್ಪ ಫೋನೇ ಸಾಕು. ಕ್ರಯದ ಕೆಲವು ಫೋನುಗಳಲ್ಲಿ ಅಗಲದ ಲೆನ್ಸು ಎರಡು ಸೆಂಟಿಮೀಟರ್ ಹತ್ತರೆವರೆಗೂ ಹಿಡಿತ್ತು, ಅದು ಲಾಯಿಕದ್ದು. ಕಡಮ್ಮೆ ಕ್ರಯದ ಫೋನಿಲಿ 'ಮಾಕ್ರೋ' ಹೇಳಿ ಬೇರೆಯೇ ಒಂದು 2 ಮೆಗಾಪಿಕ್ಸೆಲಿನ ಕಣ್ಣು ಮಡಗಿರ್ತವು, ಅದು ಲೆಕ್ಕಕ್ಕಿಪ್ಪದು ಮಾಂತ್ರ. ಅದಕ್ಕಿಂತ ದೊಡ್ಡ ಕಣ್ಣಿನ ಮೇಗೆ ಚಿಮಟಿಗೆಯ ಹಾಂಗೆ ಸಿಕ್ಕುಸುವ ಮಾಕ್ರೋ ಲೆನ್ಸು ಕೆಲವು ನೂರು ರೂಪಾಯಿಗೆ ಸಿಕ್ಕುತ್ತು. ಬಸವನಹುಳು, ಕಂಬಳಿಹುಳು, ಪಾತರಗಿತ್ತಿಯ ಮೊಟ್ಟೆ, ಹೀಂಗೆ ಓಡದ್ದರ ಎಲ್ಲ ಅದರಲ್ಲಿ ಚೆಂದಕೆ ತೆಗವಲಕ್ಕು. ಬೇವಿನಸೊಪ್ಪಿಲಿ, ನಿಂಬೆ ಗೆಡುವಿಲಿ ಹಕ್ಕಿಯ ಹಿಕ್ಕೆಯ ಹಾಂಗೆ ಕಾಂಬ ಸಣ್ಣ ಹುಳು ಇರ್ತಲ್ದೋ, ಅದು ಪಾತರಗಿತ್ತಿಯ ಮರಿ. ಮುಟ್ಟಿರೆ ತಲೆಯ ಹಿಂದಂದ ಎರಡು ಕವಲಿನ ಕೊಂಬು ಹೆರ ಹಾಕಿ ನಾರ್ತು. ಒಂದು ತಿಂಗಳು ಅದರ ಪಟ ತೆಗೆರಿ. ಒಂದು ತಿಂಗಳು ಕಳುದ ಮೇಗೂ ಆಸೆ ಇದ್ದರೆ ಪೈಸೆ ತೆಗವಲಕ್ಕು. ತಂಗೆದು ಈ ಪರೀಕ್ಷೆ ಮುಗುದ್ದು, ಅದರ ಫೋನಿಲಿ ಹುಳುವಿನ ಪಟ ಬಿಟ್ಟರೆ ಮಕ್ಕಳ ಪಟ ಕಡಮ್ಮೆಯೇ ಇಕ್ಕು.

ಸಣ್ಣ ಕಿಸೆ ಕೆಮರಂಗಳಲ್ಲಿ 1 ಸೆಂಟಿಮೀಟರಿನ ಮಾಕ್ರೋ ಹೇಳಿ ಬರದ್ದರ ನಂಬೆಡಿ, ಕತೆ ಹೇಳಿ ಆತನ್ನೆ. ಒಂದರ ಮಾಂತ್ರ ಬೇರೆ ಮಡುಗುತ್ತೆ: ಒಲಿಂಪಸ್ಸಿನ ಟಫ್ ಟಿಜಿ. ಅದರ ಮೈಕ್ರೋಸ್ಕೋಪ್ ಹೇಳ್ತ ಮೋಡಿಲಿ ಝೂಮ್ ಮಾಡಿಂಡೂ ಒಂದು ಸೆಂಟಿಮೀಟರ್ ಹತ್ತರೆ ಹಿಡಿತ್ತು. ನೀರು ಬಿದ್ದರೆ ಎಂತದೂ ಆಗ, ಮಳೆಗಾಲಲ್ಲಿ ಪಾತ್ರೆ ತೊಳದ ಕೈಲೇ ಹಿಡ್ಕೊಂಡು ಹೆರ ಓಡ್ಲಕ್ಕು. 2019ರ ಟಿಜಿ-6ರಲ್ಲಿ ಇಪ್ಪದು 12 ಮೆಗಾಪಿಕ್ಸೆಲ್ಲೇ. ಆದರೆ ಹೊಸತ್ತು ಇಪ್ಪತ್ತು ಸಾವಿರಕ್ಕೆ ಸಿಕ್ಕ. ಮತ್ತೆ ಅಷ್ಟು ಹತ್ತರೆ ಹೋಪಗ ಬೆಣಚ್ಚು ಅಡ್ಡ ಅಪ್ಪದು, ಹುಳು ಓಡುದು, ಆ ತಾಪತ್ರಯ ಇದ್ದೇ ಇದ್ದು.

ಎನ್ನ ಮಗಳ ಗೆಳೆತಿಯ ಅಣ್ಣ, ಎಲ್ಲ ತಿಳುದವ, ಡಿಎಸ್‌ಎಲ್‌ಆರೇ ಆಯೆಕ್ಕು ಹೇಳಿದ. ಅವ ಹೇಳಿದ್ದು ಲೊಟ್ಟೆ ಅಲ್ಲ. ಹಳೇ ಡಿಎಸ್‌ಎಲ್‌ಆರ್ ಕಡಮ್ಮೆಗೆ ಸಿಕ್ಕುತ್ತು. ಅದರೊಟ್ಟಿಂಗೆ ಬಪ್ಪ 18-55 ಲೆನ್ಸಿನ ಒಂದು ರಿಂಗು ಹಾಕಿ ಹಿಂದುಮುಂದು ತಿರುಗುಸಿ ಸಿಕ್ಕುಸಿರೆ ಸಾಸಮೆ ಕಾಳು ಕುಂಬಳಕಾಯಿಯಷ್ಟು ಕಾಂಗು! ಆ ರಿಂಗಿಂಗೆ ಕ್ರಯ ಹೆಚ್ಚಿಲ್ಲೆ. ಇಲ್ಲದ್ದರೆ ಲೆನ್ಸಿಂಗೂ ಕೆಮರಕ್ಕೂ ಮಧ್ಯೆ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕುದು. ಅದರೊಳ ಗಾಜೇ ಇಲ್ಲೆ, ಬರೀ ಖಾಲಿ ಕೊಳವೆ, ಲೆನ್ಸಿನ ರಜ್ಜ ದೂರ ಮಡುಗುದು ಮಾಂತ್ರ ಅದರ ಕೆಲಸ. 50 ಮಿಲಿಮೀಟರಿನ ಲೆನ್ಸಿಂಗೆ 50 ಮಿಲಿಮೀಟರಿನ ಟ್ಯೂಬ್ ಹಾಕಿರೆ ಅವು ಹೇಳ್ತ 1:1 ಆತು. ಮನೆಲಿ ಮಗ ತಂದು ಮಡಗಿದ ಡಿಎಸ್‌ಎಲ್‌ಆರ್ ಸುಮ್ಮನೆ ಬಿದ್ದಿದ್ದರೆ ಹೊಸ ಕೆಮರ ತೆಗೆಯೆಡಿ, ಒಂದು ಟ್ಯೂಬ್ ತೆಗೆರಿ.

ಆದರೆ ಹೊಸತ್ತಾಗಿ ಶುರು ಮಾಡುವ, ಮನೆಕೆಲಸ ಇಪ್ಪ ಹೆಮ್ಮಕ್ಕೊಗೆ ಅದು ಬೇಡ ಹೇಳಿ ಆನು ಗಟ್ಟಿ ಹೇಳ್ತೆ. ನವಗೆ ಪುರುಸೊತ್ತು ಸಿಕ್ಕುದು ತುಂಡು ತುಂಡಾಗಿ. ಅಶನ ಬೇವಲೆ ಮಡಗಿ ಹತ್ತು ನಿಮಿಷ, ದನಕ್ಕೆ ಹುಲ್ಲು ಹಾಕಿ ಕಾಪಿಗೆ ಮದಲು ಹತ್ತು ನಿಮಿಷ. ಆ ಹತ್ತು ನಿಮಿಷಲ್ಲಿ ಲೆನ್ಸು ಬಿಚ್ಚಿ, ತಿರುಗುಸಿ ಹಾಕಿ, ಹಟ್ಟಿಯ ಧೂಳು ಒಳ ಹೋಗದ್ದ ಹಾಂಗೆ ಜಾಗ್ರತೆ ಮಾಡಿ, ಎರಡು ಕೈಲಿ ಹಿಡ್ಕೊಂಡು ನಾಲ್ಕು ಸೆಂಟಿಮೀಟರ್ ಹತ್ತರೆ ಹೋಪಗ ಕುಕ್ಕರು ಕೂಗುತ್ತು. ಅದಕ್ಕೇ ಹೇಳಿ ಮಾಡಿದ ಮಾಕ್ರೋ ಲೆನ್ಸು ಲಾಯಿಕದ್ದು, ಅಪ್ಪು, ಆದರೆ ಅದರ ಕ್ರಯ ಕೇಳಿರೆ ಅಡಕ್ಕೆ ಕೊಯ್ಲಿಂಗೆ ಕಾಯೆಕ್ಕು.

ಎನ್ನ ದಾರಿ ಹೀಂಗೆ. ಲೆನ್ಸು ಬಿಚ್ಚಲೆ ಇಲ್ಲದ್ದ, ಝೂಮ್ ಇಪ್ಪ ಒಂದು ಹಳೇ ಕೆಮರ. ಅದರ ಮೂತಿಲಿ ಡಬ್ಬಿಯ ಮುಚ್ಚಲಿನ ಹಾಂಗೆ ತಿರುಪುಲೆ ಎಡಿವ ತ್ರೆಡ್ ಇರೆಕ್ಕು. ಇದರ ನೋಡದ್ದೆ ತೆಗದರೆ ಎಲ್ಲ ನೀರಿಲಿ ಹೋಮ. ಎನ್ನ ಸುರುವಾಣ ಕೆಮರಕ್ಕೆ ಅದೇ ಇತ್ತಿಲ್ಲೆ, ಹಾಂಗಾಗಿ ಅದಕ್ಕೆ ಎಂತದನ್ನೂ ಸಿಕ್ಕುಸಲೆ ಎಡಿಯ. ತ್ರೆಡ್ ಇದ್ದರೆ ಅದರ ಎದುರಿಂಗೆ ಕ್ಲೋಸಪ್ ಲೆನ್ಸು ಹಾಕುದು. ಜಪಾನಿನ ರೇನಾಕ್ಸ್ ಹೇಳಿ ಇದ್ದು, ಅದರಲ್ಲಿ ಎರಡು ನಮುನೆ: ಡಿಸಿಆರ್-150 ಮತ್ತೆ ಡಿಸಿಆರ್-250. ಸ್ಪ್ರಿಂಗಿನ ಕ್ಲಿಪ್ಪಿಲಿ ಸಿಕ್ಕುಸುದು, 52ರಿಂದ 67 ಮಿಲಿಮೀಟರ್ ಬಾಯಿಯ ಲೆನ್ಸಿಂಗೆಲ್ಲ ಹಿಡಿತ್ತು. ಒಂದು ಕೈಲಿ ಟಕ್ಕ ಹೇಳಿ ಹಾಕಲೆ, ತೆಗವಲೆ ಎಡಿಗು.

ಕನ್ನಡ್ಕದ ಹಾಂಗೇ ಇದಕ್ಕೂ ಪವರ್ ಇದ್ದು. 150ಕ್ಕೆ 4.8, 250ಕ್ಕೆ 8. ಅತ್ತೆಯ ಓದುವ ಕನ್ನಡ್ಕಕ್ಕೆ ಎರಡೋ ಎರಡೂವರೆಯೋ ಇಕ್ಕಷ್ಟೆ, ಅಂಬಗ ಅಂದಾಜಿ ಮಾಡಿ. 8 ಪವರ್ ಹೇಳಿರೆ ಒಂದು ಮೀಟರಿನ ಎಂಟು ಪಾಲು ಮಾಡಿರೆ ಒಂದು ಪಾಲು, ಸುಮಾರು 12 ಸೆಂಟಿಮೀಟರ್ ದೂರಲ್ಲಿ ಹುಳು ಕಾಂಗು. 150 ಆದರೆ 20 ಸೆಂಟಿಮೀಟರ್ ಚಿಲ್ಲರೆ. ಝೂಮ್ ಎಷ್ಟು ಮಾಡಿರೂ ಈ ದೂರ ಬದಲುತ್ತಿಲ್ಲೆ, ಹುಳು ಮಾಂತ್ರ ದೊಡ್ಡ ಆವ್ತು. ಇದುವೇ ದೊಡ್ಡ ಉಪಕಾರ. ಒಂದು ಗೇಣು ದೂರಲ್ಲಿ ನಿಂದರೆ ಪಾತರಗಿತ್ತಿ ಹಾರ್ತಿಲ್ಲೆ, ಕೆಮರದ ನೆರಳೂ ಬೀಳ್ತಿಲ್ಲೆ.

ಆನು ತೆಕ್ಕೊಂಡದು ಪ್ಯಾನಸಾನಿಕ್ ಎಫ್‌ಝೆಡ್-200. ಅದು ಬಂದದು 2012ರಲ್ಲಿ, 12 ಮೆಗಾಪಿಕ್ಸೆಲ್, 24 ಎಕ್ಸ್ ಝೂಮ್, ಬಾಯಿ 52 ಮಿಲಿಮೀಟರ್. ಹಿಂದಾಣ ಸ್ಕ್ರೀನಿನ ಹೆರ ಎಳದು ತಿರುಗುಸಲಕ್ಕು, ಹಾಂಗಾಗಿ ನೆಲಕ್ಕೆ ಬಗ್ಗೆಕ್ಕು ಹೇಳಿ ಇಲ್ಲೆ, ಎನ್ನ ಸೊಂಟ ಅದಕ್ಕೆ ಆಶೀರ್ವಾದ ಮಾಡ್ತಾ ಇದ್ದು. ಪೂರ ಝೂಮ್ ಮಾಡಿ 150 ಹಾಕಿರೆ ಸ್ಕೇಲಿನ ಸುಮಾರು 12 ಮಿಲಿಮೀಟರ್ ಕಾಣ್ತು, 250 ಹಾಕಿರೆ ಸುಮಾರು 7. ಏಳರಲ್ಲಿ ನಾಲ್ಕು ಪಾಲು ಮುಜಂಟಿ! ಝೂಮ್ ಕಡಮ್ಮೆ ಮಾಡಿರೆ ಮಾಂತ್ರ ಪಟದ ನಾಲ್ಕು ಮೂಲೆ ಕಪ್ಪು ಆವ್ತು, ಅದು ಕೆಮರದ ದೋಷ ಅಲ್ಲ.

ಮಗಳ ಮನೆಗೆ ಹೋಗಿಪ್ಪಗ ಬೆಂಗ್ಳೂರಿನ ಒಂದು ಹಳೇ ಕೆಮರದ ಅಂಗಡಿಲಿ ತೆಗದ್ದು. ಸಂಚಿಂದ ಸ್ಕೇಲು ತೆಗವಗ ಅಂಗಡಿಯವ, "ಏನಮ್ಮಾ, ಬ್ಲೌಸ್ ಅಳತೆ ತಗೊಳ್ಳೋಕ್ ಬಂದ್ರಾ?" ಹೇಳಿ ಕೇಳಿದ. ಮಗಳಿಂಗೆ ನಾಚಿಕೆ ಆತು, ಎನಗೆ ಆಯಿದಿಲ್ಲೆ. ಅಳದು ಆದ ಮೇಗೆ ಅವನೇ ಸ್ಕೇಲು ಕೇಳಿ ತೆಕ್ಕೊಂಡು ಬೇರೆ ಎರಡು ಕೆಮರವ ನೋಡಿದ. ಎನಗೆ ಕೆಮರಕ್ಕೆ ಬಿದ್ದದು 13,000, ರೇನಾಕ್ಸ್ 250ಕ್ಕೆ 6,000 ಚಿಲ್ಲರೆ. ನಿಂಗೊ ತೆಗವಗ ಕ್ರಯ ರಜ್ಜ ಹೆಚ್ಚುಕಡಮ್ಮೆ ಇಕ್ಕು. ಇದೇ ಕೆಮರ ಆಯೆಕ್ಕು ಹೇಳಿಯೂ ಇಲ್ಲೆ. ತ್ರೆಡ್ ಇರೆಕ್ಕು, ಝೂಮ್ 10ರ ಮೇಗೆ ಇರೆಕ್ಕು, ಸ್ಕೇಲು ಪಾಸು ಮಾಡೆಕ್ಕು, ಅಷ್ಟೆ.

ಹಳತ್ತು ತೆಗವಗ ನಮ್ಮ ಊರಿನವು ಒಂದರ ಮರವಲೇ ಆಗ. ಲೆನ್ಸಿನ ಎದುರಂದ ಟಾರ್ಚು ಹಾಕಿ ಓರೆಲಿ ನೋಡಿ. ಒಳ ಜೇಡನ ಬಲೆಯ ಹಾಂಗೆ ಬೆಳಿ ಎಳೆ ಕಂಡರೆ ಅದು ಬೂಸ್ಟು, ಬಿಟ್ಟಿಕ್ಕಿ ಬನ್ನಿ, ಅರ್ಧ ಕ್ರಯಕ್ಕೆ ಕೊಟ್ಟರೂ ಬೇಡ. ಒಳ್ಳೆದೇ ತಂದರೂ ನಮ್ಮ ಮಳೆಗಾಲಲ್ಲಿ ಬೂಸ್ಟು ಹಿಡಿವಲೆ ಎಷ್ಟು ಹೊತ್ತು? ಕಪಾಟಿನ ಸೀರೆಗೇ ಹಿಡಿತ್ತು. ಆನು ಹಪ್ಪಳ ತುಂಬುಸುವ, ಗಾಳಿ ಹೋಗದ್ದ ಮುಚ್ಚಲಿನ ಡಬ್ಬಿಲಿ ಸಿಲಿಕಾ ಜೆಲ್ಲಿನ ಕಟ್ಟ ಹಾಕಿ ಕೆಮರವ ಮಡುಗುದು. ಚರ್ಮದ ಚೀಲಲ್ಲಿ ಹಾಕಿ ಕಪಾಟಿಲಿ ಮಡಗೆಡಿ, ಚರ್ಮ ನೀರಪಸೆ ಹಿಡಿತ್ತು. ಅಕ್ಕಿಯೊಳ ಹುಗುದು ಮಡುಗುವವೂ ಇದ್ದವು, ಅದುದೇ ಬೇಡ, ಅಕ್ಕಿಯ ಹೊಡಿ ಸಂದಿ ಸಂದಿಗೆ ಹೋವ್ತು.

ಬೆಣಚ್ಚಿನ ವಿಷಯ ಒಂದು ಹೇಳೆಕ್ಕು, ಇದಕ್ಕೆ ಪೈಸೆ ಬೇಡ. ಹುಳುವಿನ ಇಷ್ಟು ದೊಡ್ಡ ಮಾಡುವಗ ಕೈ ರಜ್ಜ ಆಡಿರೂ ಪಟ ಹಾಳು, ಗಾಳಿಗೆ ಎಲೆ ಆಡಿರೂ ಹಾಳು. ಅದಕ್ಕೆ ಕೆಮರದ ಫ್ಲಾಶು ಬೇಕು. ಫ್ಲಾಶಿನ ಹಾಂಗೇ ಹಾಕಿರೆ ಹುಳುವಿನ ಬೆನ್ನಿಲಿ ಬೆಳಿ ಕಲೆ ಬೀಳ್ತು. ಮೊಸರು ಬಪ್ಪ ಬೆಳಿ ಪ್ಲಾಸ್ಟಿಕ್ಕಿನ ಡಬ್ಬಿಯ ಕತ್ತರಿಸಿ, ಫ್ಲಾಶಿನ ಎದುರು ಲೆನ್ಸಿನ ಮೇಗಂಗೆ ಮಾಡಿನ ಹಾಂಗೆ ಬಪ್ಪಂತೆ ರಬ್ಬರ್ ಬೇಂಡ್ ಹಾಕಿ ಕಟ್ಟಿ. ಬೆಣಚ್ಚು ಮೆದು ಆಗಿ ಹರಡುತ್ತು. ನೋಡಿದವು ನೆಗೆ ಮಾಡುಗು, ಪಟ ನೋಡಿದ ಮೇಗೆ ಮಾಡವು. ಮತ್ತೆ, ಇಡೀ ಹುಳು ಒಂದೇ ಪಟಲ್ಲಿ ಸ್ಪಷ್ಟ ಬತ್ತು ಹೇಳಿ ಆಸೆ ಮಾಡೆಡಿ. ಇಷ್ಟು ಹತ್ತರೆ ಹೋಪಗ ಸರಿ ಕಾಂಬದು ಒಂದೋ ಎರಡೋ ಮಿಲಿಮೀಟರ್ ದಪ್ಪದಷ್ಟೆ. ಕಣ್ಣಿನ ಹಿಡುದರೆ ಸಾಕು, ಇಲ್ಲದ್ದರೆ ಕರೆಂದ ತೆಗೆರಿ. ಈ ವಿಷಯಲ್ಲಿ ಸಣ್ಣ ಸೆನ್ಸರಿನ ಕೆಮರಲ್ಲಿ ರಜ್ಜ ಹೆಚ್ಚು ದಪ್ಪ ಸಿಕ್ಕುತ್ತು, ದೊಡ್ಡ ಕೆಮರಲ್ಲಿ ಕಡಮ್ಮೆ. ತಂಪು ಇಪ್ಪಗ, ಉದಿಯಪ್ಪಗ ಹೋಗಿ. ಆಗ ಹುಳುಗೊ ಜಡಲ್ಲಿ ಕೂದುಗೊಂಡಿರ್ತವು. ಪಟಕ್ಕೆ ಬೇಕಾಗಿ ಹುಳುವಿನ ಫ್ರಿಜ್ಜಿಲಿ ಮಡಗಿ ತಂಪು ಮಾಡುವವೂ ಇದ್ದವಡ. ಛೆ, ಅಷ್ಟು ಮಾಡಿ ಪಟ ತೆಗವ ದರ್ದು ಎಂತ?

ಇಷ್ಟೆಲ್ಲ ಮಾಡಿ ಎಂತ ಸಿಕ್ಕಿತ್ತು ಹೇಳಿ ಕೇಳುಗು ಆರಾರು. ಎರಡು ಸಂಗತಿ ಹೇಳ್ತೆ.

ಮಾವಿನಮರಲ್ಲಿ ಎಲೆ ಹೊಲುದು ಗೂಡು ಕಟ್ಟುವ ಕೆಂಪು ಎರುಗು ನಿಂಗೊಗೆಲ್ಲ ಗೊಂತಿದ್ದು, ಕಚ್ಚುಸಿಗೊಂಡೂ ಗೊಂತಿದ್ದು. ಅದರ ಹತ್ತರೆ ಒಂದು ಎರುಗು ಬೇರೆಯೇ ನಮುನೆ ನಡಕ್ಕೊಂಡಿತ್ತು. ಆನು ಎಲೆ ಆಡ್ಸಿದ್ದೇ ತಡ, ನೂಲು ಬಿಟ್ಟು ಕೆಳ ಇಳುದತ್ತು. ಎರುಗಿಂಗೆ ನೂಲು ಎಲ್ಲಿಂದ? ಹಳೇ ಕೆಮರಲ್ಲಿ ತೆಗದ ಪಟಲ್ಲಿ ಬರೀ ಕೆಂಪು ಬೊಟ್ಟು. ಹೊಸತ್ತು ತಂದ ಎರಡನೇ ವಾರ ಪುನಃ ಸಿಕ್ಕಿತ್ತು, ಪಟ ತೆಗದು ಕಾಲು ಲೆಕ್ಕ ಮಾಡಿದೆ. ಆರು ಅಲ್ಲ, ಎಂಟು! ಮುಂದಾಣ ಎರಡು ಕಾಲಿನ ಎರುಗಿನ ಮೀಸೆಯ ಹಾಂಗೆ ನೆಗ್ಗಿ ಹಿಡ್ಕೊಂಡಿತ್ತು. ಅದು ಎರುಗಿನ ವೇಷ ಹಾಕಿದ ಜೇಡ. ಅತ್ತೆಗೆ ತೋರ್ಸಿದೆ. ಅವು ಕನ್ನಡ್ಕ ಹಾಕಿ, ಎಂಟು ಕಾಲಿನನ್ನೂ ಬೆರಳಿಲಿ ಲೆಕ್ಕ ಮಾಡಿ, "ಎಂಬತ್ತು ವರ್ಷ ಇದರ ಎರುಗು ಹೇಳಿಯೇ ಗ್ರೇಶಿದ್ದು ನೋಡು" ಹೇಳಿದವು. ಕಾಲು ಲೆಕ್ಕ ಮಾಡ್ಲೆ ಎಡಿಯದ್ದರೆ ಆ ಕೆಮರ ಹುಳುವಿಂಗೆ ಆಗ.

ಇನ್ನೊಂದು, ಅಳತ್ತೊಂಡೆ ಬಳ್ಳಿದು. ಪ್ರತಿ ವರ್ಷ ಅದರ ಕೊಡಿಗೆ ಕಪ್ಪು ಹೇನು ಹಿಡಿತ್ತು. ಅದರ ಮಧ್ಯೆ ಮೊಸಳೆಯ ಮರಿಯ ಹಾಂಗಿಪ್ಪ, ಕಪ್ಪು ಮೈಲಿ ಕಿತ್ತಳೆ ಬೊಟ್ಟಿನ ಸಣ್ಣ ಹುಳು ಇರ್ತು. ಆನು, ಅತ್ತೆ ಎಲ್ಲ ಅದರನ್ನೇ ಕಳ್ಳ ಹೇಳಿ ಹೊಸಕ್ಕಿ ಹಾಕಿಂಡಿತ್ತಿದ್ದೆಯೊ. ಪಟ ತೆಗದು ನೋಡಿರೆ ಅದರ ಬಾಯಿಲಿ ಹೇನು ಇತ್ತು. ಅದು ಗುಲಗಂಜಿ ಹುಳುವಿನ ಮರಿ, ಹೇನು ತಿಂಬದೇ ಅದರ ಕಸುಬು. ಎಷ್ಟು ವರ್ಷ ನಾವು ಪೋಲೀಸಿನ ಕೊಂದು ಕಳ್ಳನ ಸಾಂಕಿದ್ದು! ಕಳುದ ಎರಡು ವರ್ಷಂದ ಎಂಗಳ ಅಳತ್ತೊಂಡೆಗೆ ಮದ್ದು ಬಿಟ್ಟಿದಿಲ್ಲೆ. ಆ ಪಟವ ನೋಡಿದ ಮೇಗೆ "ಕೆಮರದ ಹಾಂಗಕ್ಕು" ಹೇಳುವ ಮಾತು ಎಂಗಳ ಮನೆಲಿ ನಿಂದತ್ತು. ಇವು ಬಾಯಿಬಿಟ್ಟು ಎಂತದೂ ಹೇಳಿದ್ದವಿಲ್ಲೆ, ಆದರೆ ತೋಟಂದ ಬಪ್ಪಗ ಎಂತಾರು ಹುಳು ಕಂಡರೆ "ಅಲ್ಲಿ ಮೂರನೇ ಬಾಳೆಯ ಅಡಿಲಿ ಒಂದು ಇದ್ದು" ಹೇಳಿ ಹೇಳಿಕ್ಕಿ ಒಳ ಹೋವ್ತವು.

ತಂಗೇ, ಇದರ ಓದಿದರೆ ಅಣ್ಣನತ್ರೆ ಹೇಳು, ಸೋಮವಾರ ಅವನೊಟ್ಟಿಂಗೆ ನೀನುದೇ ಹೋವ್ತೆ ಹೇಳಿ. ಮಕ್ಕಳ ಒಂದು ದಿನ ಎಂಗಳಲ್ಲಿ ಬಿಡು, ಆನು ನೋಡಿಗೊಳ್ತೆ. ಮಂಗ್ಳೂರಿಲಿ ಸರಿಯಾದ್ದು ಸಿಕ್ಕದ್ದರೆ ಬರಿ ಕೈಲಿ ವಾಪಾಸು ಬಾ, ಬೇಜಾರು ಮಾಡೆಡ, ಪೈಸೆ ಎಲ್ಲಿಗೂ ಹೋಗ. ಅಂಗಡಿಗೆ ಹೋಪ ಮದಲು ಎನಗೆ ಫೋನು ಮಾಡು. ಮತ್ತೆ ಹೆರಡುವಗ ಮಗನ ಸ್ಕೇಲಿನ ಸಂಚಿಗೆ ಹಾಕಲೆ ಮರೆಯೆಡ, ಅವಂಗೆ ಆ ದಿನ ಗಣಿತ ಪರೀಕ್ಷೆ ಇದ್ದರೆ ಎನ್ನದರ ಕೊಡ್ತೆ.